ಅಂಬ್ರೀನ್‌ಗೆ ಬಂದಿದ್ದ ಕರೆ

ಮಗು ಅಂಬ್ರೀನ್,

ಹೋದ ಗುರುವಾರ ಕೋಲಾರದ ಆಸ್ಪತ್ರೆಯಿಂದ ನಿನ್ನ ಅಬ್ಬಾ ತೀರಿಕೊಂಡ ಸುದ್ದಿ ಬಂದಾಗ, ಸಾವಿನ ಮನೆಯಲ್ಲಿ ಸದ್ದಾಗಬಾರದೆಂದು ಅವನ ಫೋನನ್ನು ನಾನೇ ಆಫ್ ಮಾಡಿ ಬೀರುವಿನಲ್ಲಿಟ್ಟೆ. ಇಂದು ನಮಾಜಾದ ಮೇಲೆ ತೆಗೆದು ಆನ್ ಮಾಡಿದಾಗ ತಪ್ಪಿಹೋದ ಕರೆಗಳ ಮೆಸೇಜುಗಳು ಬಂದವು. ರಾಷ್ಟ್ರೀಯ ಜೂನಿಯರ್ ಟೆನಿಸ್ ಪಂದ್ಯಾವಳಿಯವರು ಶುಕ್ರವಾರ ಮೂರು ಸಲ ಕರೆ ಮಾಡಿದ್ದಾರೆ. ಕಾಯುವ ಪಟ್ಟಿಯಲ್ಲಿದ್ದ ನಿನಗೆ ಜಾಗ ಸಿಕ್ಕಿತ್ತು. ಉತ್ತರ ಬಾರದ್ದರಿಂದ ಬೇರೆ ಹುಡುಗಿಗೆ ಕೊಟ್ಟರಂತೆ. ನಾನು ಕರೆ ಮಾಡಿ ಬೇಡಿಕೊಂಡೆ, ಇನ್ನು ದಾರಿಯಿಲ್ಲ ಎಂದರು. ಮುಂದಿನ ವರ್ಷಕ್ಕೆ ನಿನ್ನ ವಯಸ್ಸು ಮೀರುತ್ತದೆ.

“ಮುಳಬಾಗಿಲಲ್ಲಿ ಎಲ್ರನ್ನೂ ಸೋಲಿಸ್ತಾಳೆ, ಅದ್ರಿಂದ ಅವಳ ಆಟ ಎಷ್ಟಂತ ಅವಳಿಗೇ ಗೊತ್ತಾಗಲ್ಲ. ದೇಶದ ದೊಡ್ಡ ಆಟಗಾರ್ತಿಯರ ಜೊತೆ ಒಂದ್ ಮ್ಯಾಚ್ ಆಡ್ಲಿ ಅಬ್ಬಾ, ಸೋತ್ರೂ ಸರಿ,” ಎಂದು ನಿನ್ನ ಅಬ್ಬಾ ನನಗೆ ಹೇಳುತ್ತಿದ್ದ. ಆ ಒಂದು ಮ್ಯಾಚೂ ಹೋಯಿತು.

ಎದುರು ನಿಂತು ಹೇಳಲು ಧೈರ್ಯ ಬರಲಿಲ್ಲ. ಖಬರಸ್ತಾನಕ್ಕೆ ಹೋಗುತ್ತಿದ್ದೇನೆ. ಈ ಮುದುಕ ದಾದಾನನ್ನು ಬೈಯುವುದಿದ್ದರೆ ಬಂದ ಮೇಲೆ ಬೈಯಿ, ಕೇಳಿಸಿಕೊಳ್ಳುತ್ತೇನೆ. ಅಮ್ಮಿ ಗಂಡ ಹೋದ ಮೇಲಿನ ಇದ್ದತ್‌ನಲ್ಲಿದ್ದಾಳೆ, ಹೊರಗೆ ಹೋಗುವಂತಿಲ್ಲ. ಹಾಲು ನೀನೇ ತಂದುಬಿಡು. ನಿನ್ನೆಯ ಹಾಗೆ ತಟ್ಟೆ ಸರಿಸಿ ಎದ್ದು ಹೋಗಬೇಡ, ನನಗೆ ಸಹಿಸಲಾಗುವುದಿಲ್ಲ.

ಅಲ್ಲಾಹನು ನನ್ನ ಮಗ ಜುಲ್ಫಿಕರ್‌ನ ಸಮಾಧಿಯನ್ನು ವಿಶಾಲ ಮಾಡಲಿ, ಅಲ್ಲಿ ಬೆಳಕು ಕೊಡಲಿ. ನಾನು ಮಾಡಿದ್ದು ಅವನಿಗೆ ತಿಳಿಯದಿರಲಿ. ಅವನು ನೆಮ್ಮದಿಯಿಂದ ಮಲಗಲಿ. ಆಮೀನ್.