ಬಿಚ್ಚದೆ ಉಳಿದ ಹನ್ನೊಂದನೆಯ ಗಂಟು

ಕಣವಿಹಾಳ
ಇಸವಿ ೨೧೮೮, ಮಳೆಗಾಲದ ನೂರಾ ಮೂರನೆಯ ದಿನ

ನಾವು ಒಬ್ಬ ಡಾಕ್ಟರನ್ನು ಕೊಂದೆವು. ಹೊಗಳಿ ಹೊಗಳಿ ಕೊಂದೆವು. ಆ ಹೊಗಳಿಕೆಯನ್ನು ಬರೆದವಳು ನಾನು.

ನೂರಾ ಅರವತ್ತು ವರ್ಷ ಹಿಂದೆ ಯಾವುದೋ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಈ ಕೆಲಸ ಬಿಡಲೋ ಬೇಡವೋ ಎಂದು ಯೋಚಿಸುತ್ತಿರುವ ಡಾಕ್ಟರರೇ, ಈ ಕಾಗದ ನಿಮಗೆ. ನಾನು ಶಾಲೆಯಲ್ಲಿ ಓದಿದ್ದಕ್ಕಿಂತ ಕರಪತ್ರಗಳಲ್ಲಿ ಓದಿದ್ದು ಹೆಚ್ಚು. ನನ್ನ ಮಾತು ಒರಟೆನಿಸಿದರೆ, ನಮ್ಮ ಕಾಲದ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮಲ್ಲಿ ಡಾಕ್ಟರು ಕೆಲಸ ಬಿಡಬೇಕಾದರೆ ಆಸ್ಪತ್ರೆಯ ಬಾಗಿಲಿಗೆ ಬಿಡುಹಗ್ಗ ಕಟ್ಟುತ್ತಾರೆ. ಊರಿನಲ್ಲಿ ಎಷ್ಟು ಓಣಿಗಳೋ ಹಗ್ಗದಲ್ಲಿ ಅಷ್ಟು ಗಂಟು. ಒಂದೊಂದು ಓಣಿಯವರೂ ಬಂದು, ಕೈಮುಗಿದು, ತಮ್ಮ ಗಂಟು ಬಿಚ್ಚಬೇಕು. ಎಲ್ಲ ಗಂಟು ಬಿಚ್ಚಿದ ಮೇಲೆಯೇ ಡಾಕ್ಟರಿಗೆ ಬಿಡುಗಡೆ. ಉಪಕಾರ ನೆನೆಯಲೆಂದು ಹಿರಿಯರು ಮಾಡಿದ ಪದ್ಧತಿ. ಒಂದು ಓಣಿ ಬರದೇ ಹೋದರೆ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ. ಅಂಥ ಓಣಿಯೂ ಇರಬಹುದೆಂದು ಅವರಿಗೆ ತೋಚಿರಲಿಕ್ಕಿಲ್ಲ.

ಶಾಂಭವಿ ಮುದೇನೂರ ಹದಿನೇಳು ವರ್ಷ ನಮ್ಮ ಡಾಕ್ಟರಾಗಿದ್ದರು. ರೋಗವನ್ನು ಯಂತ್ರಗಳೇ ಹೇಳುವ ಕಾಲ ಬರುತ್ತದೆಂದು ನೀವು ನಂಬಿದ್ದಿರಂತೆ. ಬಂದಿದೆ. ಆದರೆ ಅದನ್ನು ತಾಯಿಗೆ ತಿಳಿಸುವವರು ಈಗಲೂ ಮನುಷ್ಯರೇ. ತೊಂಬತ್ತು ವರ್ಷ ಬತ್ತಿದ್ದ ನಮ್ಮ ಕೆರೆ ಮತ್ತೆ ತುಂಬಿದಾಗ ಊರಿಗೆ ಊರೇ ಈಸು ಮರೆತಿತ್ತು. ಪ್ರತಿ ಮಳೆಗಾಲ ಮೂರೋ ನಾಲ್ಕೋ ಮಕ್ಕಳ ಒದ್ದೆ ದೇಹ ಶಾಂಭವಿಯವರ ಮೇಜಿನ ಮೇಲೆ ಬರುತ್ತಿತ್ತು. ಅವರು ನಿಂತೇ ರೊಟ್ಟಿ ತಿನ್ನುತ್ತಿದ್ದರು, ಯಾರೋ ಕರೆದರೆ ಉಳಿದರ್ಧ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಲವತ್ತೈದಕ್ಕೇ ಎದೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಕೊನೆಗೆ ಹಗ್ಗ ಕಟ್ಟಿದರು. ಅವರು ಹೊಳೆದಂಡೆಯ ಊರಿನವರು, ಈಸು ಬರುತ್ತಿದ್ದುದು ಅವರೊಬ್ಬರಿಗೇ. ಬೆಳಗ್ಗೆ ಮಕ್ಕಳಿಗೆ ಈಸು ಕಲಿಸುತ್ತೇನೆ, ಮಧ್ಯಾಹ್ನ ಕೂತು ಉಣ್ಣುತ್ತೇನೆ ಎಂದರು. ಬದಲಿ ಡಾಕ್ಟರು ಬರಲು ಒಪ್ಪಿಯೂ ಇದ್ದರು.

ಹತ್ತು ಗಂಟು ಬಿಚ್ಚಿದವು. ಹನ್ನೊಂದನೆಯದು ನಮ್ಮ ಓಣಿಯದು. ಆಗ ನನಗೆ ಹತ್ತೊಂಬತ್ತು. ಸೇವೆಗೆ ರಜೆಯಿಲ್ಲ ಎಂದು ಕರಪತ್ರ ಬರೆದು ಮನೆಮನೆಗೆ ಹಂಚಿದೆ. ಅವರನ್ನು ದೇವರೆಂದು ಕರೆದೆ. ಓಣಿ ಕದಲಲಿಲ್ಲ.

ಅವರೇ ನಮ್ಮ ಮನೆ ಬಾಗಿಲಿಗೆ ಬಂದರು.

"ಏನವಾ ದಾನವ್ವ, ನನ್ನ ದೇವ್ರನ್ನ ಮಾಡಿಬಿಟ್ಟೆಲ್ಲ! ದೇವ್ರಿಗಾದ್ರ ಮಧ್ಯಾಹ್ನ ಗುಡಿ ಬಾಗಲಾ ಹಾಕತಾರ."

"ನೀವು ಹೋದ್ರ ನಮ್ಮ ಗತಿ ಏನ್ರಿ, ಅಕ್ಕಾರ?"

"ಈಸು ಕಲೀರಿ. ಅರ್ಧ ಗತಿ ಅಲ್ಲೇ ಐತಿ."

ನಾನು ನಗಲಿಲ್ಲ. ನಕ್ಕಿದ್ದರೆ ಬಿಚ್ಚುತ್ತಿದ್ದೆನೋ ಏನೋ.

ಅವರು ಆಸ್ಪತ್ರೆಗೆ ಮರಳಿದರು. ಎರಡನೆಯ ಮಳೆಗಾಲದಲ್ಲಿ, ಒಬ್ಬ ರೋಗಿ ಎದ್ದು ಇನ್ನೊಬ್ಬ ಒಳಗೆ ಬರುವಷ್ಟರಲ್ಲಿ, ಕುರ್ಚಿಯಲ್ಲೇ ಹೋದರು. ಕಿಸೆಯಲ್ಲಿ ಅರ್ಧ ರೊಟ್ಟಿ ಇತ್ತು. ಬದಲಿ ಡಾಕ್ಟರು ಹತ್ತೇ ದಿನಕ್ಕೆ ಬಂದರು. ಅದೇ ತಿಂಗಳು ಕೆರೆಯಲ್ಲಿ ನಮ್ಮ ಓಣಿಯ ಇಬ್ಬರು ಮಕ್ಕಳು ಮುಳುಗಿದರು. ಈಸು ಕಲಿಸುವವರು ಮಾತ್ರ ಬರಲಿಲ್ಲ.

ಒಂದು ವರ್ಷ ನೀರು ಕುಡಿದು ಕುಡಿದು ನಾನೇ ಈಸು ಕಲಿತೆ. ಈಗ ಹದಿನಾಲ್ಕು ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಹಗ್ಗ ಇನ್ನೂ ಆಸ್ಪತ್ರೆಯ ಬಾಗಿಲಲ್ಲೇ ಇದೆ. ಸತ್ತವರ ಗಂಟು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಈ ಭಾನುವಾರ ನಾನು ಅದನ್ನು ಬಿಚ್ಚುತ್ತೇನೆ, ಯಾರು ಏನೇ ಅನ್ನಲಿ.

ನಿಮ್ಮ ಬಾಗಿಲಲ್ಲಿ ಹಗ್ಗವಿಲ್ಲ. ಆದರೆ ದೇವರೆಂದು ಕರೆಯುವವರು ನಿಮ್ಮ ಸುತ್ತಲೂ ಇದ್ದಾರೆಂದು ಕೇಳಿದ್ದೇನೆ. ಅವರು ಬಿಚ್ಚಲೆಂದು ಕಾಯಬೇಡಿ. ಈ ಕೆರೆಯಲ್ಲಿ ನಿಮ್ಮ ಕಾಲಕ್ಕೂ ನೀರಿದೆ. ಊಟ ಕಟ್ಟಿಕೊಂಡು ಬನ್ನಿ, ಕೂತು ಉಣ್ಣಿ. ನಿಮ್ಮ ಕಾಲದ ಭಾನುವಾರ ನೀವು, ನನ್ನ ಕಾಲದ ಭಾನುವಾರ ನಾನು. ಕೆರೆಯ ಬಡಗಣ ಮೆಟ್ಟಿಲು, ಬೆಳಗ್ಗೆ ಆರೂವರೆ.

ದಾನಮ್ಮ ಕವಳಿಕಾಯಿ