ಅಪ್ಪ ಸರಿಸಿದ ಕೆಂಪು ಗುಂಡಿ

ಅಣ್ಣಿಗೇರಿ
೧೯-೨-೧೯೮೯

ಪ್ರೀತಿಯ ಅಣ್ಣನಿಗೆ ಗೌರಕ್ಕನ ನಮಸ್ಕಾರಗಳು.

ಪುಣೆಯ ಥಂಡಿಗೆ ನಿನ್ನ ಕೆಮ್ಮು ಹೇಗಿದೆ? ಕಂಪ್ಯೂಟರ್ ತರಬೇತಿಯ ಭರದಲ್ಲಿ ಊಟ ಬಿಡಬೇಡ. ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕುಟ್ಟಿಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇವೆ. ಇಲ್ಲಿ ಎಲ್ಲರೂ ಕ್ಷೇಮ. ಸಿಡಿದದ್ದು ನಿನ್ನ ಕಂಪ್ಯೂಟರಿನ ಪವರ್ ಸಪ್ಲೈ ಒಂದೇ, ಅದನ್ನು ಆಗಲೇ ಬರೆದಿದ್ದೆ.

ಅಪ್ಪ ಕೆಡಿಸಬೇಕೆಂದು ಮಾಡಿದ್ದಲ್ಲ ಅಣ್ಣಾ. ಕಂಪ್ಯೂಟರಿನ ಹಿಂಬದಿಯ ಕೆಂಪು ಗುಂಡಿಗೆ ಒಂದು ಕಡೆ ೨೩೦ ವೋಲ್ಟ್, ಇನ್ನೊಂದು ಕಡೆ ೧೧೫ ಎಂದಿತ್ತಲ್ಲ? ಈಗ ಹತ್ತಿ ಗಿರಣಿಗಳು ಓಡುವ ಕಾಲ, ನಮ್ಮ ಬಲ್ಬು ಮಿಣಿಮಿಣಿ ಅನ್ನುತ್ತಿತ್ತು. "ಇಲ್ಲಿ ಪೂರಾ ಕರೆಂಟರ ಎಲ್ಲಿ ಬರತೈತಿ? ಕಡಿಮಿಗೆ ಇಡೂಣು, ಪಾಪ ಅದಕ್ಕೂ ತ್ರಾಸ ಆಗಬಾರ್ದು" ಎಂದು ಗುಂಡಿ ಸರಿಸಿದರು. ಢಂ ಎಂದಿತು! ನಮ್ಮ ಕರೆಂಟು ಎಷ್ಟೇ ಮಂಕಾದರೂ ೧೧೫ಕ್ಕಿಂತ ಜಾಸ್ತಿಯೇ ಎಂದು ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯವನು ಹೇಳುವವರೆಗೆ ನನಗೂ ತಿಳಿದಿರಲಿಲ್ಲ.

ಮೊನ್ನೆ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅದೇ ಅಂಗಡಿಗೆ ಒಯ್ದಿದ್ದೆ. ಒಳಗಿನ ಉಳಿದದ್ದೆಲ್ಲ ಸುರಕ್ಷಿತ. ಅಂಗಡಿಯವನು ಮಿರಿಮಿರಿ ಹೊಳೆಯುವ ಒಂದು ಪವರ್ ಸಪ್ಲೈ ಹಚ್ಚಿ ಹೊಗಳಿದ್ದೇ ಹೊಗಳಿದ್ದು. ಬಾಜೂಕೆ ಖಾರ ಕುಟ್ಟುವ ಗಿರಣಿ ಇತ್ತು. "ಗಿರಣಿ ಚಾಲೂ ಆಗ್ಲಿರಿ, ಆಮ್ಯಾಲ ನೋಡೂಣು" ಎಂದು ಸೀನುತ್ತ ಕೂತೆ. ಗಿರಣಿ ಗುಡುಗಿದ್ದೇ ತಡ, ದೀಪ ಮಂಕಾಯಿತು, ಕಂಪ್ಯೂಟರೂ ಕಣ್ಣು ಮುಚ್ಚಿತು. ಎರಡನೆಯದು ನೋಡಲು ಚೆಂದವಿಲ್ಲ, ಕಲ್ಲಿನಂತೆ ಭಾರ. ಆದರೆ ಗಿರಣಿ ನಿಂತು ಮತ್ತೆ ಶುರುವಾದರೂ ಅದರ ಫ್ಯಾನಿನ ಸದ್ದು ಬದಲಾಗಲಿಲ್ಲ. ಅದನ್ನೇ ತಂದೆ. ಇನ್ನಾದರೂ ನನ್ನನ್ನು ಪೆದ್ದಿ ಎನ್ನಬೇಡ.

ಅವ್ವ ನಿನ್ನ ತಲೆ ನೇವರಿಸಿದ್ದಾಳೆಂದು ತಿಳಿ.

ನಿನ್ನ ತಂಗಿ,
ಗೌರಕ್ಕ

ತಾ.ಕ.: "ಇನ್ನು ಅದನ್ನು ಯಾರೂ ಮುಟ್ಟಬಾರದು" ಎಂದು ನೀನು ಸಿಟ್ಟಿನಲ್ಲಿ ಬರೆದ ಕಾಗದವನ್ನು ಅಪ್ಪನೇ ಮೊದಲು ಒಡೆದು ಓದಿಬಿಟ್ಟರು. ಮನೆಯ ರೇಡಿಯೋ, ಹೊಲಿಗೆ ಯಂತ್ರ ಎಲ್ಲ ಬಿಚ್ಚಿ ಕೂಡಿಸಿದ ಮನುಷ್ಯ, ಈಗ ಆ ಕೋಣೆಗೆ ಕಾಲಿಡುವುದಿಲ್ಲ. ಹೊಸ್ತಿಲಲ್ಲೇ ನಿಂತು "ನೀನ ನೋಡ್ಕೋವಾ, ನಾ ಮುಟ್ಟಂಗಿಲ್ಲ" ಎನ್ನುತ್ತಾರೆ. ಅವರ ಹೆಸರಿಗೇ ಒಂದು ಕಾರ್ಡು ಹಾಕು. ಸಿಟ್ಟಿಲ್ಲ ಎಂದು ಬರೆಯಬೇಡ, ಇನ್ನಷ್ಟು ಕುಗ್ಗುತ್ತಾರೆ. "ಅಪ್ಪಾ, ಹೊಸಾದ್ನ ನೀವ ಹಚ್ರಿ" ಎಂದು ಕೆಲಸ ಹೇಳು. ಅಂಗಡಿಯವನು ಬೇಡವೆಂದರೂ ಅದನ್ನು ಬಿಚ್ಚಿಸಿ ಬೇರೆಯಾಗಿಯೇ ತಂದಿದ್ದೇನೆ.