ಎಡಗಾಲಿನ ಚಕ್ರಗಳು

ಚಳ್ಳಕೆರೆ
12 ಜೂನ್ 2025, ಗುರುವಾರ

ನನ್ನ ಐಶ್ವರ್ಯಕ್ಕನಿಗೆ,

ತಂಗಿ ಗೌರಿಯ ನಮಸ್ಕಾರ. ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನೀನಿರುವ ಮೊಳಕಾಲ್ಮೂರಿಗೆ ಹಿಂತಿರುಗುತ್ತಿರುವ ಸುಲೋಚನಾ ಚಿಕ್ಕಮ್ಮನ ಕೈಗೆ ಕೊಡುತ್ತಿದ್ದೇನೆ. ಸೋಮವಾರ ಅಪ್ಪಾಜಿ ಅಲ್ಲಿಗೆ ಬಂದು, ನಿನ್ನ ಸ್ಕೇಟಿಂಗ್ ಕೋಚ್ ಪ್ರದೀಪ್ ಸರ್ ಮೇಲಿನ ದೂರಿಗೆ ನಿನ್ನ ಸಹಿ ಕೇಳುತ್ತಾರೆ. ಹಾಕಬೇಡ. ನೋಯುವ ಮಂಡಿಯಲ್ಲೇ ಸರ್ ನಿನ್ನನ್ನು ಜಿಗಿಸಿದರು ಎಂದು ಅದರಲ್ಲಿದೆ. ಅದು ಸುಳ್ಳು. ನೀನು ಬಿದ್ದದ್ದು ನನ್ನಿಂದ.

ಸ್ಕೇಟ್ಸ್ ಬೇರಿಂಗಿಗೆ ಹಾಕುವ ಎಣ್ಣೆ ಖಾಲಿಯಾಗಿತ್ತು. ಸರ್ ತರಲು ಹೇಳಿ ವಾರವಾಗಿತ್ತು, ನಾನು ಮರೆತಿದ್ದೆ. ನಮ್ಮ ಮನೆಯಲ್ಲಿ ಬಾಗಿಲ ಕೀಲಿಗೂ ಅವ್ವನ ಹೊಲಿಗೆ ಯಂತ್ರಕ್ಕೂ ಕೂಸಿನ ಮೈಗೂ ನಮ್ಮ ಮಿಲ್ಲಿನ ಶೇಂಗಾ ಎಣ್ಣೆಯೇ ಅಲ್ಲವೇ? ಚಕ್ರಕ್ಕೆ ಯಾಕಾಗದು ಅಂದುಕೊಂಡೆ. ಆಯ್ಕೆ ಸ್ಪರ್ಧೆಯ ಹಿಂದಿನ ದಿನ ಎಂಟೂ ಚಕ್ರಗಳಿಗೆ ಧಾರಾಳವಾಗಿ ಬಿಟ್ಟೆ. "ಒಂದಕ್ಕೆ ಒಂದೇ ಹನಿ ಕಣಮ್ಮ, ಒಗ್ಗರಣೆ ಹಾಕ್ತಿದೀಯಾ?" ಎಂದು ಸರ್ ಮೊದಲೆಲ್ಲ ನಗುತ್ತಿದ್ದರು. ಅಂದು ಮಾತ್ರ "ಗೌರಿ ನೋಡ್ಕೊಂಡಿರ್ತಾಳೆ ಬಿಡು" ಎಂದು ಮುಟ್ಟಿಯೂ ನೋಡಲಿಲ್ಲ.

ಬೆಳಿಗ್ಗೆ ಒರೆಸಿದೆ. ಬೇರಿಂಗಿನೊಳಗೆ ಉಳಿದದ್ದು ಚಕ್ರ ತಿರುಗಿದಾಗ ಹೊರಗೆ ಚಿಮ್ಮಿದ್ದು ಯಾರಿಗೂ ಕಾಣಲಿಲ್ಲ. ಎರಡನೇ ಜಿಗಿತಕ್ಕೆ ನೀನು ಎಡಗಾಲು ಊರಿದಾಗ ಅದು ನೆಲ ಹಿಡಿಯಲೇ ಇಲ್ಲ, ಜಾರಿಹೋಯಿತು. ನಿನ್ನ ಸ್ಕೇಟಿಂಗಿಗೆ ಹಾಕಿದ್ದ ಹಾಡು ಮಾತ್ರ ಕೊನೆಯವರೆಗೂ ಓಡಿತು, ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಶೇಂಗಾ ಒಣಹಾಕುವ ಸಿಮೆಂಟ್ ಕಣದಲ್ಲಿ ಸಿಪ್ಪೆ ಗುಡಿಸಿಕೊಂಡು ಸುತ್ತಲು ಕಲಿತವಳು ನೀನು. "ಕೊಟ್ಟೂರಪ್ಪನ ಮಗಳು ಲಂಗ ಹಾರಿಸ್ಕಂಡು ಕುಣೀತಾಳೆ" ಎಂದವರೇ, ನೀನು ಮೂರನೇ ಸಲ ರಾಜ್ಯ ಚಾಂಪಿಯನ್ ಆದಾಗ ಬ್ಯಾನರ್ ಕಟ್ಟಿದರು. ಇನ್ನು ನೀನು ಜಿಗಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಬಾಗಿಲಾಚೆ ನಿಂತು ನಾನೂ ಕೇಳಿಸಿಕೊಂಡೆ.

ನಿನ್ನ ಸಲುವಾಗಿ ನಾನು ಪಿಯುಸಿ ಬಿಟ್ಟೆ ಎಂದು ಅವ್ವ ಎಲ್ಲರ ಮುಂದೆ ಹೇಳುತ್ತಾಳೆ. ಅಲ್ಲ. ಬೆಂಚಿನ ಮೇಲೆ ಕೂರಲಾಗದೆ ಬಿಟ್ಟೆ. ನಿನ್ನ ಜೊತೆ ಊರೂರು ತಿರುಗುವುದು ಅದಕ್ಕಿಂತ ವಾಸಿ ಎನಿಸಿತ್ತು.

ಮೊನ್ನೆ ಅಪ್ಪಾಜಿಗೆ ಎಲ್ಲ ಹೇಳಿದೆ. ತಟ್ಟೆ ದೂಡಿ, "ಬಾಯ್ಮುಚ್ಚು. ಒಬ್ಬಳ ಕಾಲು ಹೋಗೈತೆ, ಇನ್ನೊಬ್ಬಳ ಮಾನಾನೂ ಹೋಗ್ಬೇಕಾ? ಆ ಮೇಷ್ಟ್ರಿಗೆ ಬೇರೆ ಕೆಲಸ ಸಿಗ್ತೈತೆ" ಎಂದರು. ಸಿಗುವುದಿಲ್ಲ ಅಕ್ಕ. ಅಂಥ ದೂರು ಬಿದ್ದವರ ಹತ್ತಿರ ಯಾರು ಮಕ್ಕಳನ್ನು ಬಿಡುತ್ತಾರೆ?

ಎಣ್ಣೆಯ ವಿಷಯ ಬರೆದು, ಸಹಿ ಮಾಡಿ ಸ್ಕೇಟಿಂಗ್ ಸಂಘಕ್ಕೆ ಕಳಿಸಿದ್ದೇನೆ. ಆದರೆ ಬಿದ್ದವಳು ನೀನು, ಅವರು ನಂಬುವುದು ನಿನ್ನ ಮಾತನ್ನೇ. ಕ್ಷಮಿಸು ಎನ್ನಲು ಇದನ್ನು ಬರೆದಿಲ್ಲ. ಸಹಿ ಹಾಕಬೇಡ, ಅಷ್ಟೇ.

ನಿನ್ನ ತಂಗಿ,
ಮಂಗಳಗೌರಿ

ತಾ.ಕ.: ಯಾರಿಗೂ ಕಾಣಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ನೀನು ಅಭ್ಯಾಸದ ಸುತ್ತು ಮುಗಿಸಿದಾಗ ನೆಲದ ಮೇಲೆ ಎಣ್ಣೆಯ ಸಣ್ಣ ಗೆರೆ ನನಗೆ ಕಂಡಿತ್ತು. ನಿನ್ನ ಹೆಸರು ಕರೆಯಲು ಇನ್ನೂ ಎರಡು ನಿಮಿಷವಿತ್ತು. ಆಗಷ್ಟೇ ನೀನು ಬೆಂಗಳೂರಿನ ಹುಡುಗಿಯರಿಗೆ ನನ್ನನ್ನು ತೋರಿಸಿ, "ಅವ್ಳಾ? ನನ್ ಬ್ಯಾಗ್ ಹೊರೋಳು" ಎಂದು ನಕ್ಕಿದ್ದೆ. ಒಂದು ಸಲ ಬಿದ್ದರೆ ಬೀಳಲಿ ಎಂದುಕೊಂಡು ನಾನು ಕೂತಲ್ಲೇ ಕೂತೆ.